ಸೇರಿಹೋದ ಊರಿನ ಋಣ

2007ರಲ್ಲಿ ಯಲಹಂಕ ನಗರಸಭೆ ಇಲ್ಲವಾಯಿತು. ಆ ವರ್ಷ ಬೆಂಗಳೂರಿನ ನೂರು ವಾರ್ಡುಗಳ ಜೊತೆಗೆ ಸುತ್ತಲಿನ ಏಳು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ 110 ಹಳ್ಳಿಗಳನ್ನೂ ಕೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದರು. ಆ ಏಳರಲ್ಲಿ ಯಲಹಂಕವೂ ಒಂದು. ಬೊಮ್ಮನಹಳ್ಳಿ, ದಾಸರಹಳ್ಳಿಗಳ ಸೇರ್ಪಡೆಗಿಲ್ಲದ ಒಂದು ತೂಕ ಯಲಹಂಕದ ಸೇರ್ಪಡೆಗಿದೆ. ಯಲಹಂಕ ನಾಡಪ್ರಭುಗಳ ಮನೆತನದ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ, ಪೇಟೆಗಳನ್ನು ಕಟ್ಟಿ ತಮ್ಮ ಆಳ್ವಿಕೆಯನ್ನು ಅಲ್ಲಿಗೆ ಒಯ್ದರು. 470 ವರ್ಷಗಳ ಮೇಲೆ, ಹುಟ್ಟಿಸಿದ ಊರನ್ನು ಹುಟ್ಟಿದ ಊರು ತನ್ನೊಳಗೆ ಮಾಡಿಕೊಂಡಿತು. ಹೀಗೆ ಸೇರಿದ ಮೇಲೆ ಯಲಹಂಕ ಇದೆಯೇ, ಇಲ್ಲವೇ? ಆಡಳಿತದ ಕಡತಕ್ಕೆ ಈ ಪ್ರಶ್ನೆ ಬೇಕಿಲ್ಲ. ಆದರೆ ಸಣ್ಣದು ದೊಡ್ಡದರಲ್ಲಿ ಸೇರಿದರೆ ಸಣ್ಣದರ ಗತಿ ಏನು ಎಂಬುದು ನಮ್ಮ ದರ್ಶನಗಳು ಸಾವಿರಾರು ವರ್ಷ ತಲೆಕೆಡಿಸಿಕೊಂಡ ಪ್ರಶ್ನೆ. ಊರಿನ ವಿಷಯದಲ್ಲಿ ಅದಕ್ಕೆ ನನ್ನ ಉತ್ತರ ಇದು: ಊರನ್ನು ಊರಾಗಿಸುವುದು ಋಣ. ಒಂದು ನೆಲಕ್ಕಾಗಿ, ಅಲ್ಲಿನ ನೀರಿಗಾಗಿ, ಅಲ್ಲಿ ಬಾಳುವ ಮತ್ತು ಬಾಳಿಹೋದ ಜನರಿಗಾಗಿ ಕೆಲವರು ಹೊತ್ತ ಹೊಣೆಯೇ ಊರು. ಆ ಹೊಣೆ ಕೈ ಬದಲಿಸಿ ಮುಂದುವರಿದರೆ ಸೇರಿದ ಊರು ಉಳಿದಿದೆ. ಅದನ್ನು ಹೊರುವವರೇ ಇಲ್ಲವಾದರೆ, ಹೆಸರು ಎಷ್ಟು ದೊಡ್ಡ ಫಲಕದಲ್ಲಿದ್ದರೂ ಊರು ಸತ್ತಿದೆ.

ಊರು ಎಂದರೆ ಹೆಸರು, ಗಡಿ, ಜನ, ಅಧಿಕಾರ ಎಂದು ಹೇಳುವುದು ಸುಲಭ. ಚರಿತ್ರೆಯ ಮುಂದೆ ಈ ನಾಲ್ಕೂ ನಿಲ್ಲುವುದಿಲ್ಲ. ಬೆಂಗಳೂರಿನ ಹೆಸರು ಬೇಗೂರಿನ ವೀರಗಲ್ಲಿನಲ್ಲಿ ಸಿಗುತ್ತದೆ. ಗಂಗರ ಕಾಲದ ಆ ಕಲ್ಲು ಸುಮಾರು 890ರದು, ಕೆಂಪೇಗೌಡರ ಪೇಟೆಗಿಂತ ಆರು ಶತಮಾನ ಹಿಂದಿನದು. ಅಂದರೆ ಹೆಸರು ಒಂದು ಊರಿಗಿಂತ ಮೊದಲೇ ಇರಬಲ್ಲದು, ಇನ್ನೊಂದಕ್ಕೆ ದಾಟಬಲ್ಲದು. ಆ ಕಲ್ಲನ್ನು ಕಾಪಾಡಿದ ಬೇಗೂರು ಕೂಡ ಇಂದು ನಗರದ ಒಳಗೇ ಇದೆ. ಅಧಿಕಾರವಂತೂ ಇನ್ನೂ ಚಂಚಲ. 1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರನ್ನು ಹಿಡಿದಾಗ ಕೆಂಪೇಗೌಡರ ವಂಶಸ್ಥರು ಮಾಗಡಿಗೆ ಹೋದರು. ಆದರೂ ಆ ಮನೆತನವನ್ನು ನಾವು ಯಲಹಂಕ ನಾಡಪ್ರಭುಗಳೆಂದೇ ನೆನೆಯುತ್ತೇವೆ. ಜನ ಬದಲಾಗುತ್ತಾರೆ: ರೈಲು ಗಾಲಿ ಕಾರ್ಖಾನೆಗೆ, ವಾಯುನೆಲೆಗೆ, ಉಪನಗರದ ಮನೆಗಳಿಗೆ ಎಲ್ಲೆಲ್ಲಿಂದಲೋ ಬಂದವರು ಇಂದಿನ ಯಲಹಂಕದಲ್ಲಿದ್ದಾರೆ. ಇನ್ನು ಗಡಿಯ ಮಾತು. ಯಲಹಂಕವನ್ನು ಸೇರಿಸಿಕೊಂಡ ಬೃಹತ್ ಪಾಲಿಕೆಯೇ ಹದಿನೆಂಟು ವರ್ಷ ಬಾಳಿ, 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯ ಐದು ಪಾಲಿಕೆಗಳಾಗಿ ಒಡೆಯಿತು. ಯಲಹಂಕ ಈಗ ಉತ್ತರ ಪಾಲಿಕೆಯ ಪಾಲು. ನುಂಗಿದ್ದೇ ಇಲ್ಲವಾದ ಮೇಲೂ ನುಂಗಲ್ಪಟ್ಟ ಊರಿನ ಬಗ್ಗೆ ನಾವು ಅರ್ಥವಾಗುವಂತೆ ಮಾತಾಡುತ್ತಿದ್ದೇವೆ. ಹಾಗಾದರೆ ಊರಿನ ಇರವು ಈ ನಾಲ್ಕರ ಆಚೆ ಎಲ್ಲೋ ಇದೆ.

ಎಲ್ಲಿದೆ ಎಂಬುದಕ್ಕೆ ನಮ್ಮ ಶಾಸನಗಳೇ ಸಾಕ್ಷಿ. ಕನ್ನಡ ನಾಡಿನ ಶಾಸನಗಳಲ್ಲಿ ಊರಿನ ಮಾತು ಬಂದಾಗಲೆಲ್ಲ ಹೊಣೆಯ ಮಾತು ಬರುತ್ತದೆ. ಕೆರೆ ಕಟ್ಟಿದವನಿಗೆ, ಕಟ್ಟಿದ ಕೆರೆಯನ್ನು ನೋಡಿಕೊಳ್ಳುವವನಿಗೆ ಕಟ್ಟುಗೊಡಗೆಯಾಗಿ ಗದ್ದೆ ಬಿಡುತ್ತಾರೆ. ದೇವರ ದೀಪಕ್ಕೆ, ನೈವೇದ್ಯಕ್ಕೆ ಭೂಮಿ ಬಿಡುತ್ತಾರೆ. ಕೊನೆಗೆ, ಇದನ್ನು ಅಳಿಸಿದವನು ಯಾವ ಪಾಪಕ್ಕೆ ಹೋಗುತ್ತಾನೆಂದು ಬರೆಸುತ್ತಾರೆ. ಕೆರೆ ಕೆಡಿಸುವುದು ಗೋಹತ್ಯೆಯಷ್ಟೇ ಪಾಪ ಎಂದು ಕಲ್ಲಿನಲ್ಲಿ ಕೆತ್ತಿದವರು ನೀರಾವರಿಯನ್ನು ಧರ್ಮದ ಒಳಗೇ ಇಟ್ಟಿದ್ದರು. ತೂಬು ಎತ್ತುವ ನೀರುಗಂಟಿಯಿಂದ ಹಿಡಿದು ಊರಹಬ್ಬಕ್ಕೆ ಮನೆಮನೆಯಿಂದ ವಂತಿಗೆ ಎತ್ತುವ ಹಿರಿಯರವರೆಗೆ, ಯಾರು ಯಾತಕ್ಕೆ ಉತ್ತರ ಕೊಡಬೇಕು ಎಂಬುದರ ಹೆಣಿಗೆಯೇ ಊರಾಗಿತ್ತು. ಇದಕ್ಕೆ ವೇದದಷ್ಟು ಹಳೆಯ ಆಧಾರವೂ ಇದೆ. ಹುಟ್ಟಿದವನು ದೇವರಿಗೂ ಋಷಿಗಳಿಗೂ ಪಿತೃಗಳಿಗೂ ಋಣಿ ಎಂಬುದನ್ನು ಎಲ್ಲರೂ ಬಲ್ಲರು. ಶತಪಥ ಬ್ರಾಹ್ಮಣ ಇವುಗಳ ಜೊತೆಗೆ ನಾಲ್ಕನೆಯದನ್ನು, ಮನುಷ್ಯರ ಋಣವನ್ನೂ ಹೇಳುತ್ತದೆ. ಈ ನಾಲ್ಕೂ ಋಣಗಳು ಒಂದೇ ನೆಲದ ಮೇಲೆ ಕೂಡಿಬರುವ ಜಾಗವೇ ಊರು.

ಈಗ ದರ್ಶನಗಳ ಕಡೆ ಬರೋಣ. ಸೇರುವಿಕೆಯ ಮಾತು ಬಂದಾಗ ನಮಗೆ ಮೊದಲು ಹೊಳೆಯುವುದು ಮುಂಡಕೋಪನಿಷತ್ತಿನ ನದಿಗಳು. ಹರಿಯುವ ನದಿಗಳು ಹೆಸರನ್ನೂ ರೂಪವನ್ನೂ ಬಿಟ್ಟು ಸಮುದ್ರದಲ್ಲಿ ಒಂದಾಗುವಂತೆ ಜ್ಞಾನಿ ಪರಮಪುರುಷನನ್ನು ಸೇರುತ್ತಾನೆ ಎಂಬುದು ಅಲ್ಲಿನ ತಾತ್ಪರ್ಯ. ದೊಡ್ಡ ನಗರದ ಪರವಾಗಿ ಮಾತಾಡುವವರಿಗೆ ಈ ದೃಷ್ಟಾಂತ ಬಹಳ ಅನುಕೂಲ: ಸಣ್ಣ ಊರು ಹೆಸರನ್ನು ಕಳೆದುಕೊಂಡರೆ ದೊಡ್ಡದಾಯಿತು, ಅಳುವುದೇಕೆ? ಆದರೆ ಉಪನಿಷತ್ತು ಹೇಳುತ್ತಿರುವುದು ತಿಳಿದವನ ವಿಷಯ. ಅವನು ಬಿಡುವುದು ತನ್ನ ಅಜ್ಞಾನವನ್ನು. ಅದನ್ನು ಬೇರೆ ಯಾರೂ ಅವನಿಂದ ಕಿತ್ತುಕೊಳ್ಳುವುದಿಲ್ಲ. ಅಧಿಸೂಚನೆಯೊಂದರಿಂದ ಊರಿನ ಹೆಸರು ಅಳಿಸುವುದನ್ನು ಆ ಬಿಡುಗಡೆಗೆ ಹೋಲಿಸಲಾಗದು. ಶಂಕರಾಚಾರ್ಯರೂ ಪರಮಾರ್ಥದ ಅಭೇದವನ್ನು ವ್ಯವಹಾರಕ್ಕೆ ತಂದು ಕರ್ತವ್ಯಗಳನ್ನು ಅಳಿಸಿಹಾಕಲಿಲ್ಲ. ಜ್ಞಾನ ಬರುವವರೆಗೆ ವ್ಯವಹಾರದ ಭೇದಗಳೂ ವಿಧಿ ನಿಷೇಧಗಳೂ ಹಾಗೆಯೇ ನಡೆಯುತ್ತವೆ ಎಂಬುದೇ ಅವರ ನಿಲುವು. ಪಾಲಿಕೆ ಇರುವುದು ವ್ಯವಹಾರದಲ್ಲಿ. ಅಲ್ಲಿ ಅದ್ವೈತದ ಹೆಸರು ಹೇಳಿ ಯಾರ ಬಾಕಿಯನ್ನೂ ಮನ್ನಾ ಮಾಡುವಂತಿಲ್ಲ.

ಪಾಜಕದಲ್ಲಿ ಹುಟ್ಟಿ ಉಡುಪಿಯಲ್ಲಿ ನೆಲೆಯಾದ ಮಧ್ವಾಚಾರ್ಯರ ಉತ್ತರ ಊರಿನ ಪ್ರಶ್ನೆಗೆ ಇನ್ನೂ ಹತ್ತಿರ ಬರುತ್ತದೆ. ತತ್ತ್ವಸಂಖ್ಯಾನದ ಆರಂಭದಲ್ಲೇ ಅವರು ಇರುವುದೆಲ್ಲವನ್ನೂ ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸುತ್ತಾರೆ. ವಿಷ್ಣು ಒಬ್ಬನೇ ಸ್ವತಂತ್ರ. ಉಳಿದದ್ದೆಲ್ಲವೂ ಅವನ ಅಧೀನ. ಆದರೆ ಅಧೀನವಾದದ್ದು ಸುಳ್ಳಲ್ಲ, ಒಡೆಯನಲ್ಲಿ ಕರಗಿಯೂ ಹೋಗುವುದಿಲ್ಲ. ಮುಕ್ತಿಯಲ್ಲೂ ಜೀವ ಜೀವವಾಗಿಯೇ ಇರುತ್ತದೆ. ಸ್ವಾತಂತ್ರ್ಯ ಹೋದ ಮಾತ್ರಕ್ಕೆ ಇರವು ಹೋಗುವುದಿಲ್ಲ ಎಂಬ ಈ ನಿಲುವು, ಸ್ವಂತ ಪುರಸಭೆಯಿಲ್ಲದ ಊರು ಊರೇ ಅಲ್ಲ ಎನ್ನುವವರಿಗೆ ನೇರವಾದ ಉತ್ತರ. ಮೇಲುಕೋಟೆಯಲ್ಲಿ ಬಹುಕಾಲ ನೆಲೆಸಿದ್ದ ರಾಮಾನುಜಾಚಾರ್ಯರು ಇನ್ನೊಂದು ಮುಖವನ್ನು ತೋರಿಸುತ್ತಾರೆ. ಜಗತ್ತು ಪರಮಾತ್ಮನ ಶರೀರ ಎನ್ನುವಾಗ ಅವರು ಶರೀರವೆಂದರೆ ಏನೆಂದು ಶ್ರೀಭಾಷ್ಯದಲ್ಲಿ ಬಿಡಿಸಿ ಹೇಳುತ್ತಾರೆ: ಚೇತನ ಯಾವುದನ್ನು ಆಳುತ್ತದೆಯೋ, ಯಾವುದನ್ನು ಧರಿಸಿ ಕಾಪಾಡುತ್ತದೆಯೋ, ಯಾವುದು ಅದಕ್ಕಾಗಿಯೇ ಇದೆಯೋ ಅದು ಅದರ ಶರೀರ. ಈ ಮೂರರಲ್ಲಿ ಆಳುವಿಕೆಯನ್ನು ಮಾತ್ರ ಇಟ್ಟುಕೊಂಡು ಧರಿಸುವಿಕೆಯನ್ನು ಬಿಡಲಾಗದು. ಸೇರಿಸಿಕೊಂಡದ್ದನ್ನು ಹೊರಲೇಬೇಕು. ನಗರ ಒಂದು ಊರನ್ನು ತನ್ನ ಅಂಗವೆಂದು ಕರೆದ ಗಳಿಗೆಯಲ್ಲೇ ಅದರ ನೀರು, ಚರಂಡಿ, ಸ್ಮಶಾನ, ಶಾಲೆಗಳ ಭಾರವನ್ನೂ ಹೊತ್ತಂತಾಯಿತು. ದೇವರ ವಿಷಯದಲ್ಲಿ ಹೇಳಿದ್ದನ್ನು ನಗರಕ್ಕೆ ಅನ್ವಯಿಸುವುದು ಅತಿಯಲ್ಲವೇ ಎಂದು ಕೇಳಬಹುದು. ನಗರವೇನೂ ದೇವರಲ್ಲ, ನಿಜ. ಆದರೆ ಸರ್ವಶಕ್ತನೇ ತನ್ನ ಅಧೀನದಲ್ಲಿರುವುದನ್ನು ಧರಿಸುವ ಹೊಣೆ ಹೊತ್ತಿದ್ದಾನೆ ಎಂದ ಮೇಲೆ, ಮನುಷ್ಯರು ಕಟ್ಟಿದ ಸಂಸ್ಥೆಗೆ ಅದರಿಂದ ವಿನಾಯಿತಿ ಸಿಗುವುದು ಹೇಗೆ?

ಅತಿ ಕಠಿಣವಾದ ಆಕ್ಷೇಪ ಬೌದ್ಧರದು. ಊರು ಎಂಬ ವಸ್ತು ಯಾವಾಗಲೂ ಇರಲಿಲ್ಲ, ಮನೆ ಬೀದಿ ಜನಗಳ ಕೂಟಕ್ಕೆ ಇಟ್ಟ ಹೆಸರಷ್ಟೇ ಇತ್ತು. ಇಲ್ಲದ್ದು ಸಾಯುವುದು ಹೇಗೆ ಎಂದು ಅವರು ಕೇಳಬಲ್ಲರು. ಮಿಲಿಂದಪ್ರಶ್ನೆಯಲ್ಲಿ ನಾಗಸೇನ ರಥದ ಬಗ್ಗೆ ಹೇಳುವುದು ಇದನ್ನೇ. ಊರಿಗೆ ಬದಲಾಗದ ಒಂದು ಆತ್ಮವಿದೆ ಎಂದು ವಾದಿಸಿದ್ದರೆ ಈ ಆಕ್ಷೇಪದ ಮುಂದೆ ನಾನು ಸೋಲಬೇಕಿತ್ತು. ಆದರೆ ಅದೇ ಗ್ರಂಥ ಮುಂದೆ ಮಾವಿನ ಕಳ್ಳನ ಪ್ರಸಂಗವನ್ನು ತರುತ್ತದೆ. ನಾನು ಕದ್ದ ಹಣ್ಣು ಬೇರೆ, ಮರದ ಒಡೆಯ ನೆಟ್ಟ ಹಣ್ಣು ಬೇರೆ, ಹಾಗಾಗಿ ನಾನು ತಪ್ಪಿತಸ್ಥನಲ್ಲ ಎಂದು ಕಳ್ಳ ವಾದಿಸಿದರೆ ಒಪ್ಪುವಿರಾ ಎಂದು ನಾಗಸೇನ ಅರಸ ಮಿಲಿಂದನನ್ನು ಕೇಳುತ್ತಾನೆ. ಒಪ್ಪಲಾಗದು, ಏಕೆಂದರೆ ಈ ಹಣ್ಣು ಆ ಬೀಜದಿಂದಲೇ ಬಂದದ್ದು. ವಸ್ತು ಒಂದೇ ಆಗಿ ಉಳಿಯದಿದ್ದರೂ ಹೊಣೆ ಉಳಿಯುತ್ತದೆ. ಶಾಶ್ವತವಾದ ಆತ್ಮವನ್ನು ಒಪ್ಪದವರೇ ಕರ್ಮದ ಬಾಕಿಯನ್ನು ಒಪ್ಪುತ್ತಾರೆ ಎಂಬುದು ನನ್ನ ವಾದಕ್ಕೆ ಸಿಕ್ಕ ಎಲ್ಲಕ್ಕಿಂತ ಗಟ್ಟಿಯಾದ ಆಧಾರ. ನಗರಸಭೆ ಹೋಗಿ ಪಾಲಿಕೆ ಬಂತು, ಪಾಲಿಕೆ ಹೋಗಿ ಐದು ಪಾಲಿಕೆಗಳು ಬಂದವು. ಅಂದು ಮಾತು ಕೊಟ್ಟ ಸಂಸ್ಥೆ ನಾವಲ್ಲ ಎನ್ನುವುದು ಮಾವಿನ ಕಳ್ಳನ ವಾದವೇ ಆಗುತ್ತದೆ.

ಜೈನರು ಈ ಮಾತಿಗೆ ಸಮತೋಲ ತರುತ್ತಾರೆ. ಇರುವುದೆಲ್ಲವೂ ಹುಟ್ಟು, ಅಳಿವು, ಉಳಿವು ಮೂರನ್ನೂ ಒಟ್ಟಿಗೆ ಹೊಂದಿದೆ ಎಂದು ತತ್ತ್ವಾರ್ಥಸೂತ್ರ ಹೇಳಿದರೆ, ಸಮಂತಭದ್ರ ತನ್ನ ಆಪ್ತಮೀಮಾಂಸೆಯಲ್ಲಿ ಅದಕ್ಕೆ ಚಿನ್ನದ ಕೊಡದ ದೃಷ್ಟಾಂತ ಕೊಡುತ್ತಾನೆ. ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ಮೂವರಿಗೂ ಅವರವರ ಕಾರಣವಿದೆ. ಊರು ನಗರಕ್ಕೆ ಸೇರಿದಾಗ ಹಳಬರ ದುಃಖ ಸುಳ್ಳಲ್ಲ, ನಿವೇಶನ ಕೊಂಡು ಬಂದವರ ಸಂತೋಷವೂ ಸುಳ್ಳಲ್ಲ. ಚಿನ್ನ ಯಾವುದು ಎಂದು ಗುರುತಿಸುವುದೇ ಮುಖ್ಯ. ಹುಬ್ಬಳ್ಳಿ ಧಾರವಾಡಗಳ ಕಥೆ ಇದಕ್ಕೆ ನೆರವಾಗುತ್ತದೆ. ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಈ ಎರಡು ಊರುಗಳನ್ನು 1962ರಲ್ಲಿ ಒಂದೇ ಪಾಲಿಕೆಗೆ ಸೇರಿಸಲಾಯಿತು. ಅರವತ್ತು ವರ್ಷ ಧಾರವಾಡಕ್ಕೆ ತನ್ನದೇ ಆದ ಪುರಾಡಳಿತ ಇರಲಿಲ್ಲ. ಆದರೂ 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘವನ್ನು, ಕರ್ನಾಟಕ ಕಾಲೇಜನ್ನು, ಮುರುಘಾಮಠವನ್ನು ಯಾರೂ ಹುಬ್ಬಳ್ಳಿಯವೆಂದು ಹೇಳಲಿಲ್ಲ. ನಮ್ಮ ಪಾಲಿನ ಅನುದಾನ ನಮಗೆ ಸಿಗುತ್ತಿಲ್ಲ, ನಮ್ಮ ಊರಿಗೆ ಉತ್ತರ ಕೊಡುವವರಿಲ್ಲ ಎಂಬ ಕೂಗು ಬಲವಾಗಿ, 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಕೊಡಲು ರಾಜ್ಯ ಸಂಪುಟ ಒಪ್ಪಿತು. 1962ರಲ್ಲಿ ಧಾರವಾಡ ಸತ್ತಿದ್ದರೆ ಅರವತ್ತು ವರ್ಷಗಳ ಮೇಲೆ ಪಾಲು ಕೇಳಿದ್ದು ಯಾರು? ಇದೆಲ್ಲ ರಾಜಕೀಯ ಎಂದು ತಳ್ಳಿಹಾಕಬಹುದು. ರಾಜಕೀಯವೂ ಇದ್ದೀತು, ಆದರೆ ಬೇಡಿಕೆಯ ಹುರುಳು ಹೊಣೆಯ ಲೆಕ್ಕವೇ ಆಗಿತ್ತು.

ಋಣ ಪೂರ್ತಿ ಉಳಿಯುತ್ತದೆ ಇಲ್ಲವೇ ಪೂರ್ತಿ ಹೋಗುತ್ತದೆ ಎಂದು ಭಾವಿಸಬಾರದು. ಬೆಂಗಳೂರೇ ಅದರ ಒಡಕನ್ನು ತೋರಿಸುತ್ತದೆ. ಇಂದಿನ ಬಸವನಗುಡಿ ಒಂದು ಕಾಲಕ್ಕೆ ಸುಂಕೇನಹಳ್ಳಿ. ಸುತ್ತ ಮಾವಳ್ಳಿ, ಗುಟ್ಟಹಳ್ಳಿಗಳ ಹೊಲಗಳು. ಹೊಲಗಳೆಲ್ಲ ಬಡಾವಣೆಗಳಾದವು. ಆದರೂ ಕಾರ್ತಿಕದ ಕೊನೆಯ ಸೋಮವಾರ ದೊಡ್ಡಬಸವಣ್ಣನ ಮುಂದೆ ಕಡಲೆಕಾಯಿ ಪರಿಷೆ ನಡೆಯುತ್ತದೆ. ಬೆಳೆದವರು ಬೇರೆ ಜಿಲ್ಲೆಗಳಿಂದ, ನೆರೆರಾಜ್ಯಗಳಿಂದ ಬರುತ್ತಾರೆ. ಹೊಲ ಹೋದರೂ ಮೊದಲ ಬೆಳೆಯನ್ನು ಬಸವನಿಗೆ ಒಪ್ಪಿಸುವ ಹರಕೆ ಬೇರೆ ಕೈಗಳಲ್ಲಿ ಮುಂದುವರಿದಿದೆ. ಇದು ಋಣ ದಾಟಿಬಂದ ಬಗೆ. ಕರಗದ ಕಥೆ ಅಷ್ಟು ನೆಮ್ಮದಿಯದಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರ ಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗ ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ ಪೇಟೆ ಸುತ್ತುತ್ತದೆ. ಈ ಉತ್ಸವಕ್ಕೆ ಸಂಪಂಗಿ ಕೆರೆಯ ನಂಟು ಆಳವಾದದ್ದು. ಕೆರೆಯ ಜಾಗದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಉಳಿದಿರುವ ಸಣ್ಣ ಕೊಳದ ಬಳಿ ವಿಧಿಗಳು ನಡೆಯುತ್ತವೆ. ಕರಗದ ದೇವಿ ದ್ರೌಪದಿಗೆ ಸಲ್ಲಬೇಕಾದದ್ದನ್ನು ಉತ್ಸವ ನಡೆಸುವ ತಿಗಳರು ನಿಷ್ಠೆಯಿಂದ ಸಲ್ಲಿಸಿದ್ದಾರೆ. ಕೆರೆಗೆ ಸಲ್ಲಬೇಕಾದದ್ದನ್ನು ನಗರ ಸಲ್ಲಿಸಲಿಲ್ಲ. ಹಬ್ಬ ಉಳಿದ ಮಾತ್ರಕ್ಕೆ ಊರು ಉಳಿಯಿತೆಂದು ತೃಪ್ತರಾಗಬಾರದು ಎಂಬುದನ್ನು ಇದು ಕಲಿಸುತ್ತದೆ. ನೀರಿನ ಹೊಣೆಯಿಲ್ಲದ ನೆನಪು ಅರ್ಧ ತೀರಿಸಿದ ಸಾಲ.

ದೊಡ್ಡ ನಗರ ಬೇಡ ಎಂಬುದು ನನ್ನ ಮಾತಲ್ಲ. ಒಂದು ಊರಿನ ಕೋಡಿ ನೀರು ಇನ್ನೊಂದು ಊರಿನ ಕೆರೆಗೆ ಹರಿಯುವ ಈ ಪ್ರಸ್ಥಭೂಮಿಯಲ್ಲಿ ರಾಜಕಾಲುವೆಗಳನ್ನು ಊರೂರಿಗೆ ಹಂಚಿ ಕಾಯಲಾಗದು. ಕಾವೇರಿಯನ್ನು ದೂರದಿಂದ, ಎತ್ತರಕ್ಕೆ ಏರಿಸಿ ತರುವುದು ಪುರಸಭೆಯೊಂದರ ಕೈಗೆಟುಕುವ ಕೆಲಸವಲ್ಲ. ಕೂಡುವುದಕ್ಕೆ ನಿಜವಾದ ಕಾರಣಗಳಿವೆ. ಆದರೆ ಕೂಡಿದ ಮೇಲೆ ನಡೆದದ್ದನ್ನು ಆ ಕಾರಣಗಳ ಅಳತೆಯಿಂದಲೇ ನೋಡಬೇಕು. 2007ರಲ್ಲಿ ಸೇರಿಸಿಕೊಂಡ 110 ಹಳ್ಳಿಗಳಿಗೆ ನೀರು ಕೊಡುವುದೇ ಮುಖ್ಯ ಉದ್ದೇಶವಾದ ಕಾವೇರಿ ಐದನೇ ಹಂತ ಲೋಕಾರ್ಪಣೆಯಾದದ್ದು 2024ರ ಅಕ್ಟೋಬರಿನಲ್ಲಿ. ಸೇರ್ಪಡೆಗೂ ಆ ನೀರಿಗೂ ನಡುವೆ ಹದಿನೇಳು ವರ್ಷ. ಉತ್ತರ ಕೊಡುವವರ ಲೆಕ್ಕವೂ ಹೀಗೆಯೇ ಇದೆ. ಹೊಸ ಪಾಲಿಕೆಗೆ ಮೊದಲ ಚುನಾವಣೆ ನಡೆದದ್ದು 2010ರಲ್ಲಿ. 2011ರ ಜನಗಣತಿಯಲ್ಲಿ ಸುಮಾರು 84 ಲಕ್ಷವಿದ್ದ ಜನಕ್ಕೆ 198 ವಾರ್ಡುಗಳು. ಅಂದರೆ ಒಬ್ಬ ಸದಸ್ಯರ ಪಾಲಿಗೆ ಸರಾಸರಿ 42 ಸಾವಿರಕ್ಕೂ ಹೆಚ್ಚು ಮಂದಿ. 2020ರ ಸೆಪ್ಟೆಂಬರಿನಲ್ಲಿ ಚುನಾಯಿತರ ಅವಧಿ ಮುಗಿದ ಮೇಲೆ ಆ ಪಾಲಿಕೆ ತಾನು ಇಲ್ಲವಾಗುವವರೆಗೂ ಇನ್ನೊಂದು ಚುನಾವಣೆಯನ್ನು ಕಾಣಲಿಲ್ಲ. ವಿಲೀನವಾದಾಗ ಹಳೆಯ ಸಂಸ್ಥೆಯ ಆಸ್ತಿಯ ಜೊತೆಗೆ ಸಾಲವೂ ಹೊಸ ಸಂಸ್ಥೆಗೆ ದಾಟುತ್ತದೆ ಎಂಬುದು ಕಾನೂನಿನ ಸಾಮಾನ್ಯ ನಿಯಮ. ಬ್ಯಾಂಕಿನ ಸಾಲಕ್ಕೆ ಒಪ್ಪುವ ಈ ನಿಯಮ, ಜನರಿಗೆ ಮುಖ ತೋರಿಸಿ ಉತ್ತರ ಕೊಡುವ ಸಾಲಕ್ಕೂ ಅನ್ವಯಿಸಬೇಕು.

ಇನ್ನೊಂದು ಆಕ್ಷೇಪವನ್ನು ದಾಟಿಹೋದರೆ ಈ ವಾದಕ್ಕೆ ಪ್ರಾಮಾಣಿಕತೆ ಇರುವುದಿಲ್ಲ. ಹಳೆಯ ಊರಿನ ಹೊಣೆಗಳೆಲ್ಲ ಜಾತಿಯ ಮೇಲೆ ನಿಂತಿದ್ದವು. ಯಾರು ತೂಬು ಎತ್ತಬೇಕು, ಯಾರು ತಮಟೆ ಬಡಿಯಬೇಕು, ಯಾರು ಗುಡಿಯ ಹೊರಗೆ ನಿಲ್ಲಬೇಕು ಎಂಬುದು ಹುಟ್ಟಿನಿಂದಲೇ ತೀರ್ಮಾನವಾಗುತ್ತಿತ್ತು. ಕೇರಿಯನ್ನು ಊರಿನ ಹೊರಗಿಟ್ಟ ವ್ಯವಸ್ಥೆಯೂ ತನ್ನನ್ನು ಧರ್ಮವೆಂದೇ ಕರೆದುಕೊಂಡಿತ್ತು. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ ಅಂಬೇಡ್ಕರ್ ಅವರು ಹಳ್ಳಿಯ ವೈಭವೀಕರಣವನ್ನು ಕಟುವಾಗಿ ಖಂಡಿಸಿದ್ದು ಇದಕ್ಕಾಗಿಯೇ. ಕೇರಿಯವರಿಗೆ ಊರು ನಗರದಲ್ಲಿ ಕರಗುವುದು ಬಿಡುಗಡೆಯಾಗಿ ಕಂಡರೆ ಅವರ ಅನುಭವವೇ ಅದಕ್ಕೆ ಪ್ರಮಾಣ. ಈ ಆಕ್ಷೇಪ ನನ್ನ ವಾದವನ್ನು ಕೆಡವುವುದಿಲ್ಲ, ಶುದ್ಧಿ ಮಾಡುತ್ತದೆ. ಒಬ್ಬರನ್ನು ಕೆಳಗಿಟ್ಟು ಹೇರಿದ ದುಡಿಮೆ ಋಣವೇ ಅಲ್ಲ. ಅಲ್ಲಿ ಸಾಲಗಾರ ಊರೇ, ಕೇರಿಯಲ್ಲ. ಬಾಕಿಯನ್ನು ಸರಿಯಾಗಿ ಬರೆದರೆ ಊರು ಕೇರಿಗೆ ಕೊಡಬೇಕಾದದ್ದೇ ಮೊದಲ ಸಾಲಿನಲ್ಲಿ ಬರುತ್ತದೆ. ಊರನ್ನು ಸೇರಿಸಿಕೊಂಡ ನಗರ ಆ ಸಾಲಕ್ಕೂ ವಾರಸುದಾರ. ಕೇರಿಯ ಮೇಲೆ ಬಹುಮಹಡಿ ಎದ್ದು ಅಲ್ಲಿದ್ದವರು ನಗರದ ಇನ್ನೊಂದು ಅಂಚಿಗೆ ಹೋಗಬೇಕಾದರೆ ಬಿಡುಗಡೆಯೂ ಆಗಲಿಲ್ಲ, ಸಾಲವೂ ತೀರಲಿಲ್ಲ. ಶರಣರ ಜಂಗಮತತ್ತ್ವವನ್ನು ಮುಂದಿಟ್ಟು, ನೆಲದ ನಂಟೇ ಬಂಧನವಲ್ಲವೇ ಎಂದು ಕೇಳುವವರಿಗೂ ಇದೇ ಉತ್ತರ. ಕಲ್ಯಾಣದ ಶರಣರು ಕಟ್ಟಡಕ್ಕೆ ಅಂಟಿಕೊಳ್ಳಬೇಡ ಎಂದರು. ಆದರೆ ಕಾಯಕವೂ ದಾಸೋಹವೂ ಯಾವುದೋ ಒಂದು ಬೀದಿಯಲ್ಲಿ, ಕಣ್ಣೆದುರಿನ ಮನುಷ್ಯರ ನಡುವೆಯೇ ನಡೆಯಬೇಕು. ನೆಲದ ಹೆಮ್ಮೆಯನ್ನು ಬಿಡಬಹುದು, ನೆಲದ ಹೊಣೆಯನ್ನು ಬಿಡಲಾಗದು.

ಇಷ್ಟನ್ನು ಒಪ್ಪಿದರೆ ಮುಂದಿನ ದಾರಿ ಸ್ಪಷ್ಟವಿದೆ. ಬೆಂಗಳೂರು ಇನ್ನೂ ಬೆಳೆಯುತ್ತದೆ. ಯಲಹಂಕಕ್ಕೆ ಬಂದ ಸರದಿ ನಾಳೆ ಬೇರೆ ಊರುಗಳಿಗೂ ಬರುತ್ತದೆ. ಊರೊಂದನ್ನು ಸೇರಿಸಿಕೊಳ್ಳುವ ಆದೇಶದಲ್ಲಿ ಸರ್ವೆ ನಂಬರುಗಳ ಜೊತೆಗೆ ಋಣಗಳ ಪಟ್ಟಿಯೂ ಇರಲಿ: ಕೆರೆ ಯಾವುದು, ಅದರ ಕಾಲುವೆ ಎಲ್ಲಿಂದ ಎಲ್ಲಿಗೆ, ಸ್ಮಶಾನಗಳು ಎಷ್ಟು, ಊರದೇವತೆಯ ಉತ್ಸವ ಸಾಗುವ ಬೀದಿ ಯಾವುದು, ಭೂಮಿಯಿಲ್ಲದವರು ಎಲ್ಲಿ ವಾಸವಿದ್ದಾರೆ, ಇವುಗಳಿಗೆ ಇನ್ನು ಮುಂದೆ ಯಾರು ಉತ್ತರ ಕೊಡುತ್ತಾರೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳಿದೆ. ಆ ಸಮಿತಿಗೆ ಈ ಪಟ್ಟಿಯನ್ನು ಕೈಗೆ ಕೊಟ್ಟರೆ ಅದಕ್ಕೆ ಮಾಡಲು ನಿಜವಾದ ಕೆಲಸವಿರುತ್ತದೆ. ಹೊಣೆ ನಗರದ್ದು ಮಾತ್ರವೂ ಅಲ್ಲ. ಹೊಸದಾಗಿ ಬಂದು ಮನೆ ಮಾಡಿದವರು ಆ ನೆಲದ ನೀರು ಕುಡಿದ ದಿನದಿಂದಲೇ ಅದರ ಋಣಕ್ಕೆ ಬೀಳುತ್ತಾರೆ. ಋಣ ಹೊತ್ತ ಮೇಲೆ ಅವರು ಪರಸ್ಥಳದವರಲ್ಲ, ಊರವರೇ. ವಂಶದಿಂದ ಬರುವ ಊರಿಗಿಂತ ಹೀಗೆ ಹೊಣೆಯಿಂದ ಬರುವ ಊರು ಹೆಚ್ಚು ನ್ಯಾಯವಾದದ್ದು, ಏಕೆಂದರೆ ಅದರೊಳಗೆ ಬರಲು ಯಾರಿಗೂ ಹುಟ್ಟಿನ ಅಡ್ಡಿಯಿಲ್ಲ. ಊರುಗಳು ಕೂಡುವುದರಲ್ಲಿ ಅಧರ್ಮವಿಲ್ಲ. ಕೂಡಿಸಿಕೊಂಡು ತೆರಿಗೆಯನ್ನು ಮಾತ್ರ ಇಟ್ಟುಕೊಂಡು ಬಾಕಿಯನ್ನು ಕೈಬಿಡುವುದು ಅಧರ್ಮ, ಮತ್ತು ಆ ಬಾಕಿಯನ್ನು ಕೇಳುವ ಜನ ಇರುವವರೆಗೆ ಸೇರಿಹೋದ ಯಾವ ಊರೂ ಸತ್ತಿಲ್ಲ.